ಡಬಲ್ಸ್ ನೋಡೋವಾಗ ಚೆಂಡು ನೋಡ್ಬೇಡಿ

2015ರ ವಿಂಬಲ್ಡನ್ ಮಹಿಳಾ ಡಬಲ್ಸ್ ಫೈನಲ್ ನೋಡಿದವರು ಒಂದ್ಸಲ ಕೈ ಎತ್ತಿ. ಪೂರ್ತಿ ನೋಡಿದವರು ಮಾತ್ರ, ಮಾರನೇ ದಿನ ಪೇಪರಲ್ಲಿ ಕಪ್ ಹಿಡ್ಕೊಂಡಿರೋ ಫೋಟೋ ನೋಡಿದವರಲ್ಲ. ನಾಲ್ಕು, ಐದು, ಆರು. ಪರವಾಗಿಲ್ಲ, ನಾನು ಮೂರು ಅನ್ಕೊಂಡಿದ್ದೆ.

ಸಾನಿಯಾ ಮಿರ್ಜಾ ಗೆದ್ರು ಅನ್ನೋದು ಎಲ್ಲರಿಗೂ ಗೊತ್ತು. ಮಹಿಳಾ ಡಬಲ್ಸ್‌ನಲ್ಲಿ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದ ಮೊದಲನೇ ಭಾರತೀಯ ಮಹಿಳೆ, ಜೊತೆಗಿದ್ದಿದ್ದು ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್. ಕ್ವಿಜ್‌ನಲ್ಲಿ ಕೇಳಿದ್ರೆ ಟಪ್ ಅಂತ ಹೇಳ್ತೀವಿ. ಆದ್ರೆ ಆಚೆ ಕಡೆ ಯಾರಿದ್ರು ಅಂತ ಕೇಳಿದ್ರೆ? ಸೋತವರ ಹೆಸರು ಯಾರಿಗೆ ನೆನಪಿರುತ್ತೆ ಅಂತೀರಾ, ಸರಿನೇ. ಆದ್ರೆ ಇವತ್ತು ನಾನು ಮಾತಾಡೋಕೆ ಬಂದಿರೋದರಲ್ಲಿ ಅರ್ಧ ಆ ಸೋತವರಲ್ಲಿ ಒಬ್ಬರ ಬಗ್ಗೆನೇ. ಎಲೆನಾ ವೆಸ್ನಿನಾ. ಈ ಹೆಸರು ಇಟ್ಕೊಂಡಿರಿ, ಆಮೇಲೆ ಬರ್ತೀನಿ.

ಅವತ್ತು ಜುಲೈ 11, ಶನಿವಾರ. ಮಧ್ಯಾಹ್ನ ಸೆರೆನಾ ವಿಲಿಯಮ್ಸ್, ಮುಗುರುಸಾ ಅವರ ಸಿಂಗಲ್ಸ್ ಫೈನಲ್ ಆಯ್ತು, ಅದಾದ್ಮೇಲೆ ಪುರುಷರ ಡಬಲ್ಸ್ ಫೈನಲ್, ಎಲ್ಲಾ ಮುಗಿದ್ಮೇಲೆ ಇವರದ್ದು. ಮಹಿಳಾ ಡಬಲ್ಸ್ ಯಾವಾಗ್ಲೂ ಹಿಂಗೇ, ಮದುವೆ ಮನೇಲಿ ಕೊನೇ ಪಂಕ್ತಿ ಇದ್ದ ಹಾಗೆ, ಬಡಿಸೋರಿಗೂ ಸುಸ್ತು, ಪಾಯಸಾನೂ ತಳ ಕಂಡಿರುತ್ತೆ. ಅಗ್ರಶ್ರೇಯಾಂಕದ ಜೋಡಿ ಸಾನಿಯಾ-ಹಿಂಗಿಸ್, ಎರಡನೇ ಶ್ರೇಯಾಂಕದ ಜೋಡಿ ರಷ್ಯಾದ ಎಕಟೆರಿನಾ ಮಕರೋವಾ ಮತ್ತು ವೆಸ್ನಿನಾ. ಮೊದಲ ಸೆಟ್ 5-7 ಹೋಯ್ತು. ಎರಡನೇದು ಟೈಬ್ರೇಕರ್‌ನಲ್ಲಿ 7-6 ಬಂತು. ಮೂರನೇ ಸೆಟ್‌ನಲ್ಲಿ 2-5 ಹಿಂದೆ. ನಾನು ಮನೇಲಿ ಟಿವಿ ಮುಂದೆ ಕೂತಿದ್ದೆ, ನಮ್ಮಲ್ಲಿ ನಡುರಾತ್ರಿ ದಾಟಿತ್ತು, ನಮ್ಮೆಜಮಾನ್ರು "ಮುಗೀತಲ್ಲ, ಆಫ್ ಮಾಡೇ" ಅಂತ ಒಳಗಿಂದ ಕೂಗಿದ್ರು. ಅಲ್ಲಿಂದ ಒಂದೊಂದೇ ಗೇಮ್ ವಾಪಸ್ ಬಂದು 5-5 ಆಯ್ತು. ಅಷ್ಟರಲ್ಲಿ ಲಂಡನ್ನಲ್ಲಿ ಬೆಳಕು ಹೋಗಿತ್ತು. ಆಟ ನಿಲ್ಲಿಸಿ ಸೆಂಟರ್ ಕೋರ್ಟಿನ ಛಾವಣಿ ಮುಚ್ಚಿದ್ರು, ಲೈಟ್ ಹಾಕಿದ್ರು. ಮತ್ತೆ ಬಂದು ಇನ್ನೆರಡು ಗೇಮ್, 7-5.

ನಾನು ಆಮೇಲೆ ಪೇಪರ್ ಪೆನ್ನು ತಗೊಂಡು ಕೂಡಿದೆ. ಗೆದ್ದವರಿಗೆ 19 ಗೇಮ್, ಸೋತವರಿಗೆ 18. ಒಂದೇ ಒಂದು ಗೇಮ್ ವ್ಯತ್ಯಾಸ. 2-5ರಿಂದ ಸತತವಾಗಿ ಐದು ಗೇಮ್ ತಗೊಂಡವರು ಅವತ್ತು ಅದಕ್ಕೂ ಮುಂಚೆ ಒಟ್ಟಾರೆ ನಾಲ್ಕು ಗೇಮ್ ಹಿಂದಿದ್ರು!

ಸರಿ, ಈಗ ಆಟಕ್ಕೆ ಬರೋಣ. ನಮ್ಮಲ್ಲಿ ಬಹಳ ಜನ ಏನನ್ಕೊಂಡಿದಾರೆ ಅಂದ್ರೆ ಸಿಂಗಲ್ಸ್ ಆಡೋಕೆ ದಮ್ ಇಲ್ಲದವರು ಡಬಲ್ಸ್ ಆಡ್ತಾರೆ, ಅರ್ಧ ಕೋರ್ಟ್ ಕವರ್ ಮಾಡಿದ್ರೆ ಸಾಕಲ್ಲ ಅಂತ. ಲೆಕ್ಕ ಹಾಕಿ ನೋಡಿ. ಸಿಂಗಲ್ಸ್ ಕೋರ್ಟಿನ ಅಗಲ 27 ಅಡಿ. ಡಬಲ್ಸ್‌ಗೆ ಎರಡೂ ಬದಿ ನಾಲ್ಕೂವರೆ ಅಡಿ ಪಟ್ಟಿ ಸೇರಿಸಿ 36 ಅಡಿ. ಇಬ್ಬರು ಹಂಚ್ಕೊಂಡ್ರೆ ತಲೆಗೆ 18 ಅಡಿ. ಹೌದು, ಓಡೋದು ಕಮ್ಮಿ. ಆದ್ರೆ ಅದೇ ಲೆಕ್ಕ ಎದುರಾಳಿಗೂ ಅನ್ವಯಿಸುತ್ತಲ್ಲ? ಅಲ್ಲಿ ಖಾಲಿ ಜಾಗನೇ ಇಲ್ಲ. ಸಿಂಗಲ್ಸ್‌ನಲ್ಲಿ ಮೂಲೆಗೆ ಹೊಡೆದ್ರೆ ಪಾಯಿಂಟ್ ಬರೋ ಶಾಟ್ ಇಲ್ಲಿ ಯಾರೋ ಒಬ್ಬರ ರ‍್ಯಾಕೆಟ್ ಮೇಲೆ ಹೋಗಿ ಬೀಳುತ್ತೆ. ಹಾಗಾದ್ರೆ ಪಾಯಿಂಟ್ ಎಲ್ಲಿಂದ ಬರುತ್ತೆ? ಇಬ್ಬರ ಮಧ್ಯದಿಂದ, ಕಾಲ ಬುಡದಿಂದ, ಇಲ್ಲಾ ತಲೆ ಮೇಲಿಂದ. ಅದರಲ್ಲೂ ಮಧ್ಯ. ನೆಟ್ ಕಂಬದ ಹತ್ತಿರ ಮೂರೂವರೆ ಅಡಿ ಇರುತ್ತೆ, ನಡುವಲ್ಲಿ ಮೂರೇ ಅಡಿ, ಆ ಆರು ಇಂಚು ಸಾಕು ಎಲ್ಲರ ಕಣ್ಣು ಅಲ್ಲಿಗೇ ಹೋಗೋಕೆ.

ಈ ಮಧ್ಯದ ಚೆಂಡಿನ ಕಥೆ ನನ್ನ ಸ್ವಂತ ಅನುಭವದಿಂದ ಹೇಳ್ತೀನಿ. ನಾನು ನಲವತ್ತು ದಾಟಿದ್ಮೇಲೆ ಟೆನ್ನಿಸ್ ಕಲಿತವಳು, ನನ್ನ ಪಾರ್ಟ್ನರ್ ನಮ್ಮ ಪಕ್ಕದ ರೋಡಿನವರು, ನನಗಿಂತ ಎಂಟು ವರ್ಷ ದೊಡ್ಡವರು, ಅಕ್ಕ ಅಂತೀನಿ. ಒಂದು ಕ್ಲಬ್ ಟೂರ್ನಮೆಂಟಿನ ಸೆಮಿಫೈನಲ್. ಚೆಂಡು ನಿಧಾನಕ್ಕೆ, ಏನೂ ಸ್ಪೀಡಿಲ್ಲದೆ, ಇಬ್ಬರ ಮಧ್ಯ ಬಂತು. ನಾವಿಬ್ಬರೂ ನಿಂತು ಅದನ್ನ ದಾರಿ ಬಿಟ್ಟು ಕಳಿಸಿಕೊಟ್ವಿ, ಮೆರವಣಿಗೆ ಹೋಗೋವಾಗ ಪಕ್ಕಕ್ಕೆ ಸರೀತೀವಲ್ಲ ಹಂಗೆ. "ನೀವು ತಗೋತೀರ ಅನ್ಕೊಂಡೆ ಅಕ್ಕ" ಅಂದೆ. "ನಾನೂ ನೀನು ತಗೋತೀಯ ಅನ್ಕೊಂಡೆ ಕಣೇ" ಅಂದ್ರು. ಮುಂದಿನ ಪಾಯಿಂಟಲ್ಲಿ ಅದೇ ಜಾಗಕ್ಕೆ ಬಂತು, ಈ ಸಲ ಇಬ್ಬರೂ ಹೋದ್ವಿ, ರ‍್ಯಾಕೆಟ್‌ಗೆ ರ‍್ಯಾಕೆಟ್ ತಾಗಿ ಟಣ್ ಅಂತು, ಅವರ ರ‍್ಯಾಕೆಟ್ ಫ್ರೇಮ್ ಬಿರುಕು ಬಿಡ್ತು. ಸೋತ್ವಿ ಅಂತ ಬೇರೆ ಹೇಳ್ಬೇಕಾ.

ನಮ್ಮಮ್ಮ ಗಂಜಿ ಹಾಕಿದ ಕಾಟನ್ ಸೀರೆ ಟೆರೇಸಲ್ಲಿ ಒಣಗಿಸಿ ಮಡಚೋವಾಗ ನನ್ನನ್ನ ಕರೀತಿದ್ರು. ಆ ತುದಿ ಅವರು, ಈ ತುದಿ ನಾನು. ಅವರು ಎಳೆದಾಗ ನಾನು ಬಿಗಿ ಹಿಡೀಬೇಕು, ಅವರು ಮುಂದೆ ಬಂದಾಗ ನಾನೂ ಮುಂದೆ, ಬಾಯಿ ಬಿಟ್ಟು ಹೇಳೋದೇನಿಲ್ಲ, ಒಬ್ಬರು ಒಂದು ಕ್ಷಣ ಮೈಮರೆತ್ರೆ ಸೀರೆ ನೆಲಕ್ಕೆ, ಬೈಗುಳ ನನಗೆ. ಡಬಲ್ಸ್ ಅರ್ಥ ಆಗಿದ್ದು ನನಗೆ ಕೋಚಿಂದಲ್ಲ, ಆ ಸೀರೆಯಿಂದ. ಒಳ್ಳೇ ಜೋಡಿ ಆಡೋವಾಗ ಗಮನಿಸಿ, ಒಬ್ಬರು ಬಲಕ್ಕೆ ಎರಡು ಹೆಜ್ಜೆ ಹೋದ್ರೆ ಇನ್ನೊಬ್ಬರೂ ಬಲಕ್ಕೆ ಎರಡು ಹೆಜ್ಜೆ, ಇಬ್ಬರ ಮಧ್ಯದ ಅಂತರ ಹೆಚ್ಚಾಗೋದೇ ಇಲ್ಲ.

ಅದಕ್ಕೇ ನಾನು ಹೇಳೋದು, ಡಬಲ್ಸ್ ನೋಡೋವಾಗ ಚೆಂಡು ನೋಡ್ಬೇಡಿ. ಚೆಂಡು ಹೊಡೀದೇ ಇರೋರನ್ನ ನೋಡಿ. ಸರ್ವ್ ಮಾಡೋರ ಪಾರ್ಟ್ನರ್ ನೆಟ್ ಹತ್ತಿರ ಬಗ್ಗಿ ನಿಂತಿರ್ತಾರಲ್ಲ, ಅವರ ಒಂದು ಕೈ ಬೆನ್ನ ಹಿಂದೆ ಇರುತ್ತೆ. ಬೆರಳು ಆಡಿಸ್ತಿರ್ತಾರೆ. ಸರ್ವ್ ಎಲ್ಲಿಗೆ ಹಾಕು, ನಾನು ಇಲ್ಲೇ ಇರ್ತೀನಾ ಇಲ್ಲಾ ಅಡ್ಡ ಹೋಗ್ತೀನಾ, ಇಷ್ಟೂ ಆ ಬೆರಳಲ್ಲಿ. ಮುಷ್ಟಿ ಅಂದ್ರೆ ಇಲ್ಲೇ ಇರ್ತೀನಿ, ಬಿಚ್ಚಿದ ಕೈ ಅಂದ್ರೆ ಹೋಗ್ತೀನಿ ಅಂತ ಕೆಲವರ ಲೆಕ್ಕ, ಒಂದೊಂದು ಜೋಡಿದು ಒಂದೊಂದು ಭಾಷೆ. ಅಡ್ಡ ಹೋಗಿ ಪಾರ್ಟ್ನರ್ ಕಡೆ ಹೋಗ್ತಿರೋ ಚೆಂಡನ್ನ ಕಸಿದು ಹೊಡೆಯೋದಕ್ಕೆ ಪೋಚ್ ಅಂತಾರೆ. ಇದರ ಗುಟ್ಟೆಲ್ಲ ಟೈಮಿಂಗು. ಬೇಗ ಹೊರಟ್ರೆ ರಿಸೀವರ್ ನೋಡ್ಬಿಟ್ಟು ಖಾಲಿ ಆದ ಕಡೆ ಲೈನ್ ಉದ್ದಕ್ಕೂ ಹೊಡೀತಾರೆ. ಲೇಟಾದ್ರೆ ಚೆಂಡು ದಾಟಿ ಹೋಗಿರುತ್ತೆ. ರಿಸೀವರ್ ರ‍್ಯಾಕೆಟ್ ಹಿಂದಿಂದ ಮುಂದೆ ಬರೋಕೆ ಶುರುವಾಗುತ್ತಲ್ಲ, ಇನ್ನು ಮನಸ್ಸು ಬದಲಾಯಿಸೋಕೆ ಆಗಲ್ಲ ಅನ್ನೋ ಘಳಿಗೆ, ಆವಾಗ ಹೊರಡ್ಬೇಕು.

ಹಿಂಗಿಸ್ ಇದರಲ್ಲಿ ಪಂಟರು. ಗಟ್ಟಿ ಹೊಡೆತ ಇಲ್ಲ, ದೊಡ್ಡ ಸರ್ವ್ ಇಲ್ಲ, ಆದ್ರೆ ಚೆಂಡು ಎಲ್ಲಿ ಬರುತ್ತೋ ಅಲ್ಲಿ ಮೊದಲೇ ಹೋಗಿ ನಿಂತಿರ್ತಿದ್ರು. ವಿಂಬಲ್ಡನ್ ಡಬಲ್ಸ್ ಮೊದಲು ಗೆದ್ದಾಗ 1996, ಇನ್ನೂ 16 ತುಂಬಿರಲಿಲ್ಲ, ಹೆಲೆನಾ ಸುಕೋವಾ ಜೊತೆ. 1998ರಲ್ಲಿ ಯಾನಾ ನೊವೊಟ್ನಾ ಜೊತೆ ಇನ್ನೊಂದು. ಮೂರನೇದಕ್ಕೆ 17 ವರ್ಷ ಕಾಯ್ಬೇಕಾಯ್ತು, ನಡುವೆ ಎರಡು ಸಲ ನಿವೃತ್ತಿ ಆಗಿ ವಾಪಸ್ ಬಂದಿದ್ರು. ಸಾನಿಯಾ ತದ್ವಿರುದ್ಧ. ಮಣಿಕಟ್ಟು ಚಾವಟಿ ಥರ ತಿರುಗಿಸಿ ಹೊಡೆಯೋ ಫೋರ್‌ಹ್ಯಾಂಡು, ಎದುರಿಗಿದ್ದವರಿಗೆ ಚೆಂಡು ಎಲ್ಲಿಗೆ ಹೋಗುತ್ತೆ ಅಂತ ಕೊನೇವರೆಗೂ ಗೊತ್ತಾಗ್ತಿರಲಿಲ್ಲ. ಅದೇ ಮಣಿಕಟ್ಟು ಕೈಕೊಟ್ಟು ಆಪರೇಷನ್ ಆಗಿ, 2013ರ ಹೊತ್ತಿಗೆ ಸಿಂಗಲ್ಸ್ ಬಿಟ್ರು. ಹಿಂದಿಂದ ಸಾನಿಯಾ ಹೊಡೀತಿದ್ರೆ ಎದುರಾಳಿ ವಾಪಸ್ ಕೊಡೋ ಚೆಂಡು ಸ್ವಲ್ಪ ಸಡಿಲ ಆಗಿ ಬರ್ತಿತ್ತು, ಅದು ನೆಟ್ ದಾಟ್ತಿದ್ದ ಹಾಗೇ ಹಿಂಗಿಸ್ ಮುಗಿಸಿಬಿಡ್ತಿದ್ರು. ಸ್ಕೋರ್‌ಬೋರ್ಡ್ ನೋಡಿದವರು ಹಿಂಗಿಸ್ ಪಾಯಿಂಟ್ ಅಂತಾರೆ. ಸೀರೆಯ ಆ ತುದಿ ಎಳೆದವರು ಯಾರು?

2015ರ ಮಾರ್ಚಲ್ಲಿ ಜೊತೆ ಸೇರಿದ್ದು. ಇಂಡಿಯನ್ ವೆಲ್ಸ್ ಗೆದ್ರು, ಮಯಾಮಿ ಗೆದ್ರು, ಚಾರ್ಲ್ಸ್‌ಟನ್ ಗೆದ್ರು, ಏಪ್ರಿಲ್ 13ಕ್ಕೆ ಸಾನಿಯಾ ಡಬಲ್ಸ್‌ನಲ್ಲಿ ನಂಬರ್ ಒನ್. ಆ ಮೊದಲೆರಡು ಫೈನಲಲ್ಲೂ ಸೋತವರು ಯಾರು ಗೊತ್ತಾ? ಮಕರೋವಾ-ವೆಸ್ನಿನಾನೇ. ಅಂದ್ರೆ ವಿಂಬಲ್ಡನ್ ಫೈನಲ್ ಅವರಿಗೆ ನಾಲ್ಕೇ ತಿಂಗಳಲ್ಲಿ ಮೂರನೇ ಪೆಟ್ಟು.

ಈಗ ವೆಸ್ನಿನಾ ಕಥೆ. ಇದು ಶುರುವಾಗೋದು ಲಂಡನ್ನಲ್ಲಲ್ಲ, ನಮ್ಮ ಕಬ್ಬನ್ ಪಾರ್ಕಲ್ಲಿ. 2006ರ ಫೆಬ್ರವರಿ, ಬೆಂಗಳೂರಲ್ಲಿ ಡಬ್ಲ್ಯುಟಿಎ, ಅಂದ್ರೆ ಮಹಿಳಾ ಟೆನ್ನಿಸ್ ಸಂಘದ ಟೂರ್ನಿ, ನಮ್ಮ ರಾಜ್ಯ ಟೆನ್ನಿಸ್ ಸಂಸ್ಥೆ ಕೆಎಸ್‌ಎಲ್‌ಟಿಎ ಕೋರ್ಟು. ನಾನು ಆಫೀಸಿಗೆ ರಜೆ ಹಾಕಿ ಹೋಗಿದ್ದೆ. ಅವತ್ತು ಸಾನಿಯಾ ಅಂದ್ರೆ ಏನು ಅಂತ ಈಗಿನ ಹುಡುಗರಿಗೆ ಹೇಳಿದ್ರೆ ಅರ್ಥ ಆಗಲ್ಲ, ಆ ಮೂಗುತಿ, ಆ ಟೀಶರ್ಟು, ಗ್ಯಾಲರಿ ತುಂಬ ಸ್ಕೂಲ್ ಮಕ್ಕಳ ಕಿರುಚಾಟ, ಹೊರಗಡೆ ಮರದ ಕೆಳಗೆ ಕಡ್ಲೇಕಾಯಿ ಮಾರೋನೂ "ಸಾನಿಯಾ ಗೆದ್ಲಾ ಮೇಡಂ" ಅಂತ ಕೇಳ್ತಿದ್ದ. ಡಬಲ್ಸ್ ಫೈನಲ್ ಸಾನಿಯಾ ಮತ್ತು ಲೀಸೆಲ್ ಹ್ಯೂಬರ್ ಗೆದ್ರು. ಸೋತಿದ್ದು ಅನಸ್ತಾಸಿಯಾ ರೋಡಿಯೋನೋವಾ ಮತ್ತು ಎಲೆನಾ ವೆಸ್ನಿನಾ. ಇಬ್ಬರಿಗೂ, ಸಾನಿಯಾಗೂ ವೆಸ್ನಿನಾಗೂ, ಅವತ್ತು 19 ವರ್ಷ, ಇಬ್ಬರೂ 1986ರಲ್ಲಿ ಹುಟ್ಟಿದವರು. ಗ್ಯಾಲರೀಲಿ ಒಬ್ಬರೂ ಆ ರಷ್ಯನ್ ಹುಡುಗೀನ ನೋಡಿರಲ್ಲ. ನಾನೂ ನೋಡಿರಲಿಲ್ಲ, ಸುಳ್ಳು ಯಾಕೆ ಹೇಳ್ಲಿ.

ಐದು ವರ್ಷ ಆದ್ಮೇಲೆ ಇವರಿಬ್ಬರೂ ಪಾರ್ಟ್ನರ್ಸ್! 2011ರಲ್ಲಿ ಸಾನಿಯಾ-ವೆಸ್ನಿನಾ ಇಂಡಿಯನ್ ವೆಲ್ಸ್ ಗೆದ್ರು, ಚಾರ್ಲ್ಸ್‌ಟನ್ ಗೆದ್ರು, ಫ್ರೆಂಚ್ ಓಪನ್ ಫೈನಲ್ ತನಕ ಹೋಗಿ ಜೆಕ್ ಜೋಡಿ ಹ್ಲವಾಚ್ಕೋವಾ-ಹ್ರಾಡೆಕ್ಕಾ ಕೈಲಿ ಸೋತ್ರು. ಡಬಲ್ಸ್‌ನ ವಿಚಿತ್ರ ಇರೋದೇ ಇಲ್ಲಿ. ಸಿಂಗಲ್ಸ್‌ನಲ್ಲಿ ಎದುರಾಳಿ ಯಾವಾಗ್ಲೂ ಎದುರಾಳಿನೇ. ಇಲ್ಲಿ ಆಚೆ ಕಡೆ ನಿಂತಿರೋರಿಗೆ ನಿಮ್ಮ ಬೆನ್ನ ಹಿಂದಿನ ಬೆರಳಿನ ಭಾಷೆ ಗೊತ್ತು, 30-40 ಆದಾಗ ನೀವು ಸರ್ವ್ ಎಲ್ಲಿ ಹಾಕ್ತೀರಿ ಅಂತ ಗೊತ್ತು, ಸಿಟ್ಟು ಬಂದ್ರೆ ಮುಖ ಹೇಗಾಗುತ್ತೆ ಅಂತಾನೂ ಗೊತ್ತು, ಯಾಕಂದ್ರೆ ಒಂದು ಕಾಲದಲ್ಲಿ ಅವರೇ ನಿಮ್ಮ ಪಕ್ಕದಲ್ಲಿದ್ದವರು. 2015ರ ಫೈನಲ್‌ನ ಇದನ್ನ ಗೊತ್ತಿಟ್ಕೊಂಡು ಇನ್ನೊಂದ್ಸಲ ನೋಡಿ, ಬೇರೆ ಮ್ಯಾಚೇ ಕಾಣುತ್ತೆ.

ಮಕರೋವಾ ಬಗ್ಗೆನೂ ಒಂದು ಮಾತು, ಇದು ಸ್ವಲ್ಪ ದಾರಿ ತಪ್ಪುತ್ತೆ ಆದ್ರೆ ನನಗೆ ಇಷ್ಟದ ವಿಷ್ಯ. ಅವರು ಎಡಗೈ. ಡಬಲ್ಸ್‌ನಲ್ಲಿ ಒಬ್ಬರು ಎಡಗೈ ಒಬ್ಬರು ಬಲಗೈ ಇದ್ರೆ ಏನು ಲಾಭ? ಒಂದು, ಎಡಗೈಯವರು ಅಡ್ವಾಂಟೇಜ್ ಕಡೆಯಿಂದ, ಅಂದ್ರೆ ತಮ್ಮ ಕೋರ್ಟಿನ ಎಡ ಅರ್ಧದಿಂದ, ಅಗಲಕ್ಕೆ ಸರ್ವ್ ಹಾಕಿದ್ರೆ ಚೆಂಡು ತಿರುಗ್ತಾ ಬಲಗೈಯವರ ಬ್ಯಾಕ್‌ಹ್ಯಾಂಡ್ ಕಡೆ ಕೋರ್ಟಿಂದಾಚೆಗೇ ಎಳ್ಕೊಂಡು ಹೋಗುತ್ತೆ. ಇದು ಎಲ್ಲರೂ ಹೇಳ್ತಾರೆ. ಎರಡನೇದು ಬಿಸಿಲು. ಡಬಲ್ಸ್‌ನಲ್ಲಿ ನಾಲ್ಕು ಗೇಮಿಗೊಮ್ಮೆ ಒಬ್ಬರ ಸರ್ವ್ ಬರುತ್ತೆ, ಒಂದು, ಮೂರು, ಐದು ಹೀಗೆ ಬೆಸ ಗೇಮ್ ಮುಗಿದಾಗೆಲ್ಲ ಕೋರ್ಟ್ ಬದಲಾಯಿಸ್ತಾರೆ, ಕೈಯಲ್ಲಿ ಎಣಿಸಿ ನೋಡಿ, ಒಂದು ಸೆಟ್ ಪೂರ್ತಿ ಒಬ್ಬ ಆಟಗಾರ್ತಿ ಸರ್ವ್ ಮಾಡೋದು ಒಂದೇ ತುದಿಯಿಂದ! ಹಾಗಾಗಿ ಯಾವ ತುದೀಲಿ ಬಿಸಿಲು ಬಲಗೈಯವರ ಕಣ್ಣಿಗೆ ಹೊಡೆಯುತ್ತೋ ಅಲ್ಲಿಂದ ಎಡಗೈಯವರನ್ನ ಹಾಕೋದು. ನಮ್ಮ ಕ್ಲಬ್ಬಲ್ಲಿ ಬೆಳಿಗ್ಗೆ ಏಳೂವರೆಗೆ ಪೂರ್ವದ ಕಡೆ ಮುಖ ಮಾಡಿ ಚೆಂಡು ಮೇಲೆ ಎಸೆದವರಿಗೆ ಇದು ಅರ್ಥ ಆಗುತ್ತೆ. ನಮ್ಮಿಬ್ಬರಲ್ಲಿ ಎಡಗೈಯವರು ಯಾರೂ ಇಲ್ಲ, ಅಕ್ಕ ಟೋಪಿ ಹಾಕೋತಾರೆ ಅಷ್ಟೇ.

ಸ್ಕೋರಿಂಗ್ ಬಗ್ಗೆ ನನ್ನದೊಂದು ತಕರಾರು ಇದೆ. ಟೂರ್‌ನ ಮಾಮೂಲಿ ಟೂರ್ನಿಗಳಲ್ಲಿ ಡಬಲ್ಸ್‌ಗೆ ಅಡ್ವಾಂಟೇಜ್ ಇಲ್ಲ, ಅಂದ್ರೆ ಡ್ಯೂಸ್ (40-40) ಆದ್ಮೇಲೆ ಎರಡು ಪಾಯಿಂಟ್ ಮುಂದಾಗ್ಬೇಕಿಲ್ಲ, ಒಂದೇ ಪಾಯಿಂಟಿಗೆ ಗೇಮ್ ಮುಗೀತು, ಯಾವ ಕಡೆಯಿಂದ ರಿಸೀವ್ ಮಾಡ್ಬೇಕು ಅಂತ ರಿಸೀವ್ ಮಾಡೋ ಜೋಡಿ ಆರಿಸ್ಕೊಳ್ಳುತ್ತೆ. ಸೆಟ್ 1-1 ಆದ್ರೆ ಮೂರನೇ ಸೆಟ್ಟೇ ಇಲ್ಲ, ಅದರ ಬದಲು ಹತ್ತು ಪಾಯಿಂಟಿನ ಸೂಪರ್ ಟೈಬ್ರೇಕ್. ಟಿವಿಯವರಿಗೆ, ಟೂರ್ನಿ ನಡೆಸೋರಿಗೆ ಅನುಕೂಲ, ಇಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಗೊತ್ತಿರುತ್ತೆ. ಆದ್ರೆ ವಿಂಬಲ್ಡನ್‌ನಲ್ಲೂ ಅದೇ ನಿಯಮ ಇದ್ದಿದ್ರೆ? ಆ 2-5 ಅನ್ನೋದೇ ಇರ್ತಿರಲಿಲ್ಲ. ಛಾವಣಿ ಮುಚ್ಚೋ ಪ್ರಮೇಯನೂ ಬರ್ತಿರಲಿಲ್ಲ, ಹತ್ತು ಹದಿನೈದು ನಿಮಿಷದಲ್ಲಿ ಯಾರೋ ಒಬ್ಬರು ಗೆದ್ದು ಮನೆಗೆ ಹೋಗಿರ್ತಿದ್ರು. ಇನ್ನು ದುಡ್ಡಿನ ವಿಷ್ಯ ಬೇಡ ಅನ್ಕೊಂಡಿದ್ದೆ, ಒಂದೇ ಸಾಲಲ್ಲಿ ಹೇಳ್ಬಿಡ್ತೀನಿ. ಆ ವರ್ಷ ಸಿಂಗಲ್ಸ್ ಗೆದ್ದವರಿಗೆ 18,80,000 ಪೌಂಡ್, ಡಬಲ್ಸ್ ಗೆದ್ದ ಜೋಡಿಗೆ 3,40,000, ಅದನ್ನ ಇಬ್ಬರು ಹಂಚ್ಕೋಬೇಕು. ತಲೆಗೆ ಹತ್ತರಲ್ಲಿ ಒಂದು ಪಾಲೂ ಇಲ್ಲ. 64 ಜೋಡಿಗಳ ಡ್ರಾ, ಆರು ಮ್ಯಾಚ್ ಗೆಲ್ಲಬೇಕು.

ಡಬಲ್ಸ್ ಆಡಿದವರನ್ನ ಮರೆಯೋದು ಇವತ್ತಿನ ರೋಗ ಅಲ್ಲ ಬಿಡಿ. ಎಲಿಜಬೆತ್ ರಯಾನ್ ಅಂತ ಅಮೆರಿಕದವರು, 1914ರಿಂದ 1934ರೊಳಗೆ ವಿಂಬಲ್ಡನ್ ಮಹಿಳಾ ಡಬಲ್ಸ್ 12 ಸಲ ಗೆದ್ರು, ಮಿಕ್ಸೆಡ್ 7 ಸಲ, ಒಟ್ಟು 19. ಸಿಂಗಲ್ಸ್ ಒಂದ್ಸಲನೂ ಇಲ್ಲ. ಆ 19ರ ದಾಖಲೆ ಮುರಿಯೋಕೆ ಯಾರಿಂದಲೂ ಆಗಲಿಲ್ಲ, ಬಿಲ್ಲಿ ಜೀನ್ ಕಿಂಗ್ ಬಂದು ಸಮ ಮಾಡಿ ನಿಂತಿದ್ರು. 1979ರ ಜುಲೈ 6ರಂದು ವಿಂಬಲ್ಡನ್ ಮೈದಾನದಲ್ಲೇ ರಯಾನ್ ಕುಸಿದು ಬಿದ್ದು ತೀರಿಕೊಂಡ್ರು. 87 ವರ್ಷ. ಮಾರನೇ ದಿನ ಬಿಲ್ಲಿ ಜೀನ್, ಮಾರ್ಟಿನಾ ನವ್ರಾಟಿಲೋವಾ ಜೊತೆ ಡಬಲ್ಸ್ ಗೆದ್ದು 20ನೇದು ಮುಟ್ಟಿದ್ರು. ದಾಖಲೆ ಮುರಿಯೋದನ್ನ ನೋಡದೇನೇ ಹೋದ್ರು ಅಜ್ಜಿ. ಇದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ.

ವಾಪಸ್ ನಮ್ಮ ಜೋಡಿಗೆ. ವಿಂಬಲ್ಡನ್ ಆದ್ಮೇಲೆ ಯುಎಸ್ ಓಪನ್ ಗೆದ್ರು, ವರ್ಷದ ಕೊನೇಲಿ ಸಿಂಗಾಪುರದ ಡಬ್ಲ್ಯುಟಿಎ ಫೈನಲ್ಸ್ ಗೆದ್ರು, 2016ರ ಆಸ್ಟ್ರೇಲಿಯನ್ ಓಪನ್ನೂ ಗೆದ್ರು. ಸೋಲೇ ಇಲ್ಲದೆ ಸತತ 41 ಮ್ಯಾಚ್. (ನವ್ರಾಟಿಲೋವಾ ಮತ್ತು ಪ್ಯಾಮ್ ಶ್ರೈವರ್ ಎಂಬತ್ತರ ದಶಕದಲ್ಲಿ 109 ಸತತ ಗೆದ್ದಿದ್ರು, ಅದು ಮನುಷ್ಯರ ಲೆಕ್ಕ ಅಲ್ಲ.) ಆ 41ನ್ನ ನಿಲ್ಲಿಸಿದ್ದು ಯಾರು ಹೇಳಿ ನೋಡೋಣ. 2016ರ ಫೆಬ್ರವರಿ, ದೋಹಾ ಕ್ವಾರ್ಟರ್‌ಫೈನಲ್. ಮೊದಲ ಸೆಟ್ ಗೆದ್ದೂ, ನಾನು ಈಗ ಬೈದ ಆ ಸೂಪರ್ ಟೈಬ್ರೇಕಲ್ಲಿ ಸೋತ್ರು. ಎದುರಿಗಿದ್ದಿದ್ದು ಹದಿಹರೆಯದ ಡಾರಿಯಾ ಕಸಾಟ್ಕಿನಾ, ಮತ್ತೆ, ಹೂಂ, ವೆಸ್ನಿನಾ! ಹಿಂದೆ ಕೂತಿರೋರು ಯಾರೋ ಸರಿಯಾಗೇ ಹೇಳಿದ್ರು.

ಆ ವರ್ಷ ಆಗಸ್ಟ್ ಹೊತ್ತಿಗೆ ಸಾನಿಯಾ-ಹಿಂಗಿಸ್ ಬೇರೆ ಆದ್ರು. ಬೇರೆ ಆದ ಕೂಡಲೇ ಸಿನ್ಸಿನಾಟಿಯಲ್ಲಿ ಫೈನಲ್‌ಗೆ ಬಂದವರು ಯಾರು, ಒಂದು ಕಡೆ ಸಾನಿಯಾ ಮತ್ತು ಬಾರ್ಬೊರಾ ಸ್ಟ್ರೈಕೋವಾ, ಇನ್ನೊಂದು ಕಡೆ ಹಿಂಗಿಸ್ ಮತ್ತು ಕೊಕೊ ವ್ಯಾಂಡವೇ. ಸೀರಿಯಲ್ಲಿನವರು ಬರೆದಿದ್ರೆ ಓವರ್ ಆಯ್ತು ಅಂತಿದ್ವಿ. ಸಾನಿಯಾ ಗೆದ್ರು. ಅದೇ ತಿಂಗಳು ರಿಯೋ ಒಲಿಂಪಿಕ್ಸ್‌ನಲ್ಲಿ ಮಕರೋವಾ-ವೆಸ್ನಿನಾಗೆ ಚಿನ್ನ, ಫೈನಲಲ್ಲಿ ಸೋತಿದ್ದು ಹಿಂಗಿಸ್ ಮತ್ತು ಬಾಕ್ಸಿನ್ಸ್‌ಕಿ. ಮಾರನೇ ವರ್ಷ, 2017, ಅದೇ ವಿಂಬಲ್ಡನ್ ಫೈನಲ್, ಮಕರೋವಾ-ವೆಸ್ನಿನಾ ಗೆದ್ರು, ಸ್ಕೋರು 6-0, 6-0. ಎರಡು ವರ್ಷ ಹಿಂದೆ 18 ಗೇಮ್ ಗೆದ್ದೂ ಕಪ್ ಸಿಗದೇ ಇದ್ದವರಿಗೆ ಈ ಸಲ ಹನ್ನೆರಡೇ ಸಾಕಾಯ್ತು, ಒಂದೂ ಬಿಟ್ಟುಕೊಡದೆ.

ಆಮೇಲೆ ವೆಸ್ನಿನಾ ತಾಯಿ ಆದ್ರು, ಸಾನಿಯಾನೂ ತಾಯಿ ಆದ್ರು, ಇಬ್ಬರೂ ವಾಪಸ್ ಬಂದ್ರು. ಸಾನಿಯಾ 2020ರ ಜನವರೀಲಿ ಬಂದ ಮೊದಲ ಟೂರ್ನಿ, ಹೋಬಾರ್ಟ್, ನಾಡಿಯಾ ಕಿಚೆನೋಕ್ ಜೊತೆ ಗೆದ್ದೇಬಿಟ್ರು. ವೆಸ್ನಿನಾ 2021ರಲ್ಲಿ ಹೊಸ ಪಾರ್ಟ್ನರ್ ವೆರೋನಿಕಾ ಕುಡೆರ್ಮೆಟೋವಾ ಜೊತೆ ಮತ್ತೆ ವಿಂಬಲ್ಡನ್ ಫೈನಲ್ಲಿಗೆ ಬಂದ್ರು, ಮ್ಯಾಚ್ ಪಾಯಿಂಟ್ ತನಕ ಹೋಗಿ ಮೂರನೇ ಸೆಟ್ 7-9 ಸೋತ್ರು. ಗೆದ್ದಿದ್ದು ತೈವಾನಿನ ಶೇ ಸು-ವೇ ಮತ್ತು ಬೆಲ್ಜಿಯಂನ ಎಲಿಸ್ ಮೆರ್ಟೆನ್ಸ್.

ಈ ಕುಡೆರ್ಮೆಟೋವಾ ಹೆಸರು ಇನ್ನೆರಡು ಸಲ ಬರುತ್ತೆ. 2023ರ ಫೆಬ್ರವರಿ, ದುಬೈ, ಸಾನಿಯಾ ಆಡಿದ ಕೊನೇ ಟೂರ್ನಿ, ಜೊತೆಗೆ ಮ್ಯಾಡಿಸನ್ ಕೀಸ್, ಮೊದಲ ಸುತ್ತಲ್ಲೇ ಸೋಲು. ನೆಟ್ ಆಚೆ ಲುಡ್ಮಿಲಾ ಸಾಮ್ಸೊನೋವಾ ಪಕ್ಕದಲ್ಲಿದ್ದಿದ್ದು ಕುಡೆರ್ಮೆಟೋವಾ. ಇನ್ನೊಂದು 2025ರ ವಿಂಬಲ್ಡನ್ ಫೈನಲ್. ಶೇ ಸು-ವೇ ಮತ್ತು ಒಸ್ಟಾಪೆಂಕೊ ಜೋಡೀನ ಮೂರು ಸೆಟ್ಟಲ್ಲಿ ಸೋಲಿಸಿ ಕುಡೆರ್ಮೆಟೋವಾ ಕಡೆಗೂ ಆ ಕಪ್ ಎತ್ತಿದ್ರು. ಕಪ್ಪಿನ ಇನ್ನೊಂದು ಹಿಡಿ ಹಿಡ್ಕೊಂಡು ಪಕ್ಕದಲ್ಲಿ ನಗ್ತಾ ನಿಂತಿದ್ದಿದ್ದು ಮೆರ್ಟೆನ್ಸ್, ನಾಲ್ಕು ವರ್ಷದ ಹಿಂದೆ ಅದನ್ನೇ ಅವರಿಂದ ಕಿತ್ಕೊಂಡಿದ್ದವರು.